ಏಳ್ಕೆರೆ ನಾಡಿನ ಮರೆದೈವ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳ್ಕೆರೆ ನಾಡು ಎಂಬ ಕಲ್ಪನೆಯ ಲೋಕವೊಂದನ್ನು ಕಟ್ಟಿಕೊಂಡು, ಅಲ್ಲಿ ನಡೆಯುವ ಕಥೆಗಳನ್ನು ಕೋಲಾರದಲ್ಲಿ ಕುಳಿತು ಬರೆಯುತ್ತ ಬಂದಿದ್ದೇನೆ. ಓದುಗರಲ್ಲಿ ಹೆಚ್ಚಿನವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳವರು. ಅವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಆ ನಾಡಿನ ಜನರಿಗೆ ಕಾಣದ ಹಾಗೆ ಅವರನ್ನು ನಡೆಸುವ ದೈವವನ್ನು ಕುರಿತವು. ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಕಥೆಗಳನ್ನು ಇನ್ನೂ ಓದದವರೂ ಇದನ್ನು ಓದಬಹುದು. ಆದರೆ ಮೂರನೆಯ ಕೆರೆಯ ಕಥೆಯ ತಿರುವು ಇಲ್ಲಿ ಬಯಲಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಏಳ್ಕೆರೆ ನಾಡು ಎಂದರೆ ಎಂಥ ಲೋಕ?

ಒಂದು ಬೋಳು ಬಂಡೆಯ ಬೆಟ್ಟ, ಅದರ ಬುಡದಿಂದ ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಏಳು ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳದ ಪಾತ್ರದಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಪ್ರತಿ ಕೆರೆಗೂ ಒಂದು ಊರು, ಒಂದು ಅಚ್ಚುಕಟ್ಟು, ತೂಬನ್ನು ತೆಗೆದು ಮುಚ್ಚುವ ಹೊಣೆ ಹೊತ್ತ ಒಂದು ನೀರುಗಂಟಿ ಮನೆತನ. ಜನ ರಾಗಿ, ಅವರೆ, ಹುರುಳಿ ಬೆಳೆಯುತ್ತಾರೆ. ಕೆರೆ ತುಂಬಿದ ವರ್ಷ ಭತ್ತವನ್ನೂ ಬೆಳೆಯುತ್ತಾರೆ. ಇಷ್ಟರ ಮಟ್ಟಿಗೆ ಅದು ನಮ್ಮ ಸೀಮೆಯೇ. ಆದರೆ ಅಲ್ಲಿನ ಗಡಿಕಲ್ಲುಗಳಿಗೆ ನೆನಪಿದೆ: ತಮ್ಮ ಮುಂದೆ ಆಡಿದ ಮಾತನ್ನು ಅವು ಮರೆಯುವುದಿಲ್ಲ, ಮಾತು ತಪ್ಪಿದವನು ಆ ಕಲ್ಲನ್ನು ದಾಟಲಾರ. ಬೇಸಿಗೆಯಲ್ಲಿ ಕೆರೆಯಂಗಳ ಬತ್ತಿ ಬಿರುಕು ಬಿಟ್ಟಾಗ ಸತ್ತವರ ನೆರಳುಗಳು ಅಲ್ಲಿ ಓಡಾಡುತ್ತವೆ, ಮಳೆ ಬಿದ್ದು ಅಂಗಳಕ್ಕೆ ನೀರು ಬಂದೊಡನೆ ಮರೆಯಾಗುತ್ತವೆ. ರಾಜರೂ ಸೈನ್ಯಗಳೂ ಅಲ್ಲಿಲ್ಲ. ಯುದ್ಧದ ಕಥೆಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನೀರನ್ನು ಹಂಚಿಕೊಂಡು ಬದುಕುವ ಕಷ್ಟದ ಬಗ್ಗೆ ಬರೆಯಬೇಕೆಂದು ನನಗೆ ತೋರಿತು.

ಮರೆದೈವ ಯಾರು?

ಆ ನಾಡಿನಲ್ಲಿ ದೇವರುಗಳಿಗೆ ಕೊರತೆಯಿಲ್ಲ. ಏರಿಯ ಮೇಲೆ ಕೆರೆಯಮ್ಮ ಇದ್ದಾಳೆ, ಊರಬಾಗಿಲಲ್ಲಿ ಮಾರಮ್ಮ ಇದ್ದಾಳೆ, ಗುಂಡುತೋಪಿನಲ್ಲಿ ಮುನಿಯಪ್ಪ ಇದ್ದಾನೆ. ಮರೆದೈವ ಇವರಲ್ಲಿ ಯಾರೂ ಅಲ್ಲ. ಅದಕ್ಕೆ ಗುಡಿಯಿಲ್ಲ, ಪೂಜಾರಿಯಿಲ್ಲ, ಜಾತ್ರೆಯಿಲ್ಲ. ಅಂಥದೊಂದು ಇದೆ ಎಂಬುದೇ ಜನರಿಗೆ ತಿಳಿಯದು. ಅದನ್ನು ಬಲ್ಲವರು ಓದುಗರು ಮತ್ತು ಕಥೆಯಲ್ಲಿ ಬರುವ ಒಬ್ಬ ಮುದುಕಿ ಮಾತ್ರ. ಏಳು ಊರುಗಳೂ ಹಾಳಾಗದೆ ಉಳಿಯಬೇಕು ಎಂಬ ಒಂದೇ ಬಯಕೆಯಿಂದ ಅದು ಅವರ ನಡುವೆ ಕೆಲಸ ಮಾಡುತ್ತದೆ.

ಅದು ಗಂಡೋ ಹೆಣ್ಣೋ?

ಎರಡೂ ಅಲ್ಲ. ಅದಕ್ಕೆ ರೂಪವನ್ನು ನಾನು ಕೊಟ್ಟಿಲ್ಲ.

ಅದು ಏನು ಮಾಡಬಲ್ಲದು, ಏನು ಮಾಡಲಾರದು?

ಈ ಲೋಕವನ್ನು ಕಟ್ಟುವಾಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ್ದು ಇದನ್ನೇ. ಎಲ್ಲವನ್ನೂ ಮಾಡಬಲ್ಲ ದೈವ ಅಡಗಿ ಕುಳಿತಿದೆ ಎಂದರೆ, ಜನ ಬರದಲ್ಲಿ ಬೇಯುವಾಗ ಅದು ಸುಮ್ಮನೆ ನೋಡುತ್ತಿತ್ತು ಎಂದಂತಾಗುತ್ತದೆ; ಅಂಥ ದೈವದ ಬಗ್ಗೆ ಪ್ರೀತಿಯಿಂದ ಬರೆಯಲು ನನ್ನಿಂದಾಗದು. ಆದ್ದರಿಂದ ಮರೆದೈವದ ಶಕ್ತಿ ಬಹಳ ಚಿಕ್ಕದು. ಅದು ಮಳೆಯನ್ನು ತರಲಾರದು. ರೋಗವನ್ನು ಕಳೆಯಲಾರದು. ಯಾರ ಮನಸ್ಸಿನೊಳಗೂ ಒಂದು ಯೋಚನೆಯನ್ನು ಇಡಲಾರದು, ಕನಸಿನಲ್ಲಿ ಬಂದು ಹೇಳಲಾರದು. ಹೇಗಿದ್ದರೂ ಅಲುಗಾಡಬಹುದಾಗಿದ್ದ ಸಣ್ಣ ವಸ್ತುವೊಂದನ್ನು ಸ್ವಲ್ಪ ಮೊದಲು ಅಥವಾ ಸ್ವಲ್ಪ ತಡವಾಗಿ ಅಲುಗಾಡಿಸುವುದಷ್ಟೇ ಅದಕ್ಕೆ ಸಾಧ್ಯ. ಸಡಿಲವಾಗಿ ಕಟ್ಟಿದ್ದ ಹಗ್ಗ ಬಿಚ್ಚಿಕೊಳ್ಳಬಹುದು, ಎಣ್ಣೆ ತೀರುತ್ತಿದ್ದ ದೀಪ ಒಂದು ಗಳಿಗೆ ಮೊದಲೇ ಆರಬಹುದು, ಹಾದಿಯ ಮೇಲೆ ಒಣಗಿದ ಕೊಂಬೆಯೊಂದು ಬಿದ್ದು ದಾರಿಹೋಕನೊಬ್ಬ ಬಳಸುದಾರಿ ಹಿಡಿಯಬಹುದು. ಅಲ್ಲಿಂದ ಮುಂದಿನದು ಮನುಷ್ಯರ ಕೈಯಲ್ಲಿದೆ. ಬಳಸುದಾರಿಯಲ್ಲಿ ಹೋದವನು ಕಣ್ಣು ತೆರೆದು ನೋಡಿದರೆ ಏನಾದರೂ ಕಾಣುತ್ತದೆ, ತಲೆ ತಗ್ಗಿಸಿ ನಡೆದರೆ ಕಾಣುವುದಿಲ್ಲ.

ಈ ಸಣ್ಣ ಕೆಲಸಕ್ಕೂ ಅದು ಬೆಲೆ ತೆರಬೇಕು. ಯಾವ ಕೆರೆಯ ಜಲಾನಯನದಲ್ಲಿ ಅದು ಕೈಯಾಡಿಸುತ್ತದೆಯೋ ಆ ಪ್ರದೇಶ ಆ ಕ್ಷಣದಿಂದ ಅದರ ಕಣ್ಣಿಗೆ ಮರೆಯಾಗುತ್ತದೆ, ಮತ್ತು ಆ ಕೆರೆ ತುಂಬಿ ಕೋಡಿ ಬೀಳುವವರೆಗೆ ಮತ್ತೆ ಕಾಣುವುದಿಲ್ಲ. ಮಳೆ ಚೆನ್ನಾಗಿ ಆಗುವ ಸೀಮೆಯಲ್ಲಿ ಇದು ಒಂದು ಮಳೆಗಾಲದ ಮಾತು. ಆದರೆ ನಮ್ಮ ಕಡೆ ಕೆರೆ ಕೋಡಿ ಬೀಳುವುದು ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಇಲ್ಲಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕೋಡಿ ಬಿದ್ದ ದಿನ ಊರೆಲ್ಲ ಸೇರಿ ಬಾಗಿನ ಅರ್ಪಿಸುವುದೂ ತೆಪ್ಪೋತ್ಸವ ಮಾಡುವುದೂ ಆ ಅಪರೂಪಕ್ಕಾಗಿಯೇ. ಹೀಗಾಗಿ ಜನರಿಗೆ ನೆರವು ಹೆಚ್ಚು ಬೇಕಾದ ಬರಗಾಲದಲ್ಲಿಯೇ, ಒಮ್ಮೆ ಕೈ ಚಾಚಿದರೆ ಮರೆದೈವ ಹಲವು ವರ್ಷ ಕುರುಡಾಗುತ್ತದೆ. ತಾನು ಮಾಡಿದ್ದರ ಫಲ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ತಿಳಿಯದೆ ಅದು ಕಾಯಬೇಕಾಗುತ್ತದೆ.

ಅದು ಅಡಗಿರುವುದಾದರೂ ಏಕೆ?

ಮೊದಲ ಕಾಲದಲ್ಲಿ ಅದು ಅಡಗಿರಲಿಲ್ಲ, ಜನರೊಡನೆ ಮಾತನಾಡುತ್ತಿತ್ತು. ಯಾವಾಗ ಬಿತ್ತಬೇಕು, ತೂಬನ್ನು ಎಷ್ಟು ತೆಗೆಯಬೇಕು, ಏರಿಯ ಯಾವ ಭಾಗಕ್ಕೆ ಮಣ್ಣು ಹಾಕಬೇಕು ಎಂಬುದನ್ನು ಕೇಳಿದವರಿಗೆಲ್ಲ ಹೇಳುತ್ತಿತ್ತು, ಮತ್ತು ಅದು ಹೇಳಿದ್ದು ಯಾವಾಗಲೂ ಸರಿಯಾಗಿರುತ್ತಿತ್ತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ನೀರುಗಂಟಿಗಳು ನೀರಿನ ಮಟ್ಟವನ್ನು ನೋಡುವುದನ್ನು ಬಿಟ್ಟರು. ಮೋಡವನ್ನು ನೋಡಿ, ಗಾಳಿಯನ್ನು ನೋಡಿ, ಇರುವೆಗಳ ಸಾಲನ್ನು ನೋಡಿ ಮಳೆಯನ್ನು ಊಹಿಸುತ್ತಿದ್ದ ಮುದುಕರ ಮಾತನ್ನು ಕೇಳುವವರಿಲ್ಲದಾಯಿತು. ಒಂದು ರಾತ್ರಿ ಎರಡನೆಯ ಕೆರೆಯ ಏರಿಯಲ್ಲಿ ನೀರು ಜಿನುಗುವುದನ್ನು ಮೂವರು ನೋಡಿದರು. ಕೆಟ್ಟದ್ದಾಗುವಂತಿದ್ದರೆ ದೈವವೇ ಹೇಳುತ್ತಿತ್ತಲ್ಲ ಎಂದುಕೊಂಡು ಮೂವರೂ ಮನೆಗೆ ಹೋಗಿ ಮಲಗಿದರು. ಆ ರಾತ್ರಿ ದೈವ ಆರನೆಯ ಕೆರೆಯ ಊರಿನಲ್ಲಿ ಮತ್ತೊಂದು ಜಗಳವನ್ನು ಬಿಡಿಸುತ್ತಿತ್ತು. ಏರಿ ಒಡೆಯಿತು.

ಅಂದಿನಿಂದ ಅದು ಮಾತು ನಿಲ್ಲಿಸಿತು. ಎರಡು ತಲೆಮಾರಿನ ಬಳಿಕ ಅಂಥ ಒಂದು ದೈವವಿತ್ತು ಎಂಬ ನೆನಪೂ ಅಳಿಯಿತು. ಗಡಿಕಲ್ಲುಗಳಿಗೆ ಮಾತ್ರ ನೆನಪಿದೆ, ಅವು ಯಾರಿಗೂ ಹೇಳುವುದಿಲ್ಲ. ಭಕ್ತರ ನಂಬಿಕೆಯನ್ನು ಒರೆಗೆ ಹಚ್ಚಲೆಂದು ಅದು ಅಡಗಿದೆಯೇ ಎಂದು ಹಲವರು ಕೇಳುತ್ತಾರೆ. ತನ್ನನ್ನು ನಂಬಬೇಕೆಂಬ ಆಸೆ ಅದಕ್ಕೆ ಇಲ್ಲವೇ ಇಲ್ಲ. ಜನರ ಕೌಶಲ ಜನರ ಕೈಯಲ್ಲಿಯೇ ಉಳಿಯಬೇಕು, ಮಾಡಿದ ಕೆಲಸವೂ ಅದರ ಹೆಸರೂ ಅವರದೇ ಆಗಬೇಕು ಎಂಬ ಕಾರಣಕ್ಕಾಗಿ ಅದು ಅಡಗಿದೆ. ಈ ಕಥೆಗಳಲ್ಲಿ ನಾನು ಹೇಳಬಯಸುವುದೂ ಅದನ್ನೇ: ನಿಜವಾಗಿ ನೆರವಾಗಬೇಕೆನ್ನುವವರು ನೆರವು ಪಡೆದವರ ಕೆಲಸವನ್ನು ಕಿತ್ತುಕೊಳ್ಳಬಾರದು.

ಜನ ನರಳುತ್ತಿರುವಾಗ ಅಡಗಿ ಕುಳಿತಿರುವುದು ನ್ಯಾಯವೇ?

ಚಿಂತಾಮಣಿಯ ಓದುಗರೊಬ್ಬರು ಇದನ್ನು ಬಹಳ ಬಿಗಿಯಾಗಿ ಕೇಳಿದರು, ಮತ್ತು ಇದು ಸುಲಭದ ಪ್ರಶ್ನೆಯಲ್ಲ. ಕೆನಡಾದ ತತ್ತ್ವಶಾಸ್ತ್ರಜ್ಞ ಜೆ.ಎಲ್. ಶೆಲೆನ್‌ಬರ್ಗ್ ಅವರು 1993ರಲ್ಲಿ ಮಂಡಿಸಿದ ವಾದವೊಂದಿದೆ: ಪರಿಪೂರ್ಣವಾಗಿ ಪ್ರೀತಿಸುವ ದೇವರೊಬ್ಬನಿದ್ದರೆ, ತನ್ನೊಡನೆ ಸಂಬಂಧವನ್ನು ಬೇಡವೆನ್ನದ ಯಾರಿಗೂ ಅವನು ತಾನಿರುವುದು ತಿಳಿಯದಂತೆ ಇರಲಾರ, ಅಂಥ ಜನ ಲೋಕದಲ್ಲಿ ಇರುವುದರಿಂದ ಅಂಥ ದೇವರಿಲ್ಲ. ನಿಜವಾದ ದೇವರ ಬಗ್ಗೆ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಮರೆದೈವದ ಮಟ್ಟಿಗೆ ಈ ವಾದಕ್ಕೆ ಅರ್ಧದಷ್ಟು ಮಾತ್ರ ಉತ್ತರವಿದೆ. ಅದು ಪರಿಪೂರ್ಣವೂ ಅಲ್ಲ, ಸರ್ವಶಕ್ತವೂ ಅಲ್ಲ, ಮತ್ತು ಅದು ಪ್ರಕಟವಾಗಿದ್ದ ಕಾಲದಲ್ಲಿ ಏನಾಯಿತು ಎಂಬುದು ಅದಕ್ಕೆ ಗೊತ್ತು. ಉಳಿದರ್ಧಕ್ಕೆ ಉತ್ತರವಿಲ್ಲ. ನಾಲ್ಕನೆಯ ಕೆರೆಯ ಕಥೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಒಣಗಿದ ಕೆರೆಯಂಗಳದಲ್ಲಿ ನಿಂತು, ಕೇಳುವವರು ಯಾರಾದರೂ ಇದ್ದರೆ ಒಂದು ಮಾತು ಹೇಳಿ ಎಂದು ಕೂಗುತ್ತಾಳೆ. ದೈವಕ್ಕೆ ಅದು ಕೇಳಿಸುತ್ತದೆ, ಆದರೂ ಅದು ಮಾತನಾಡುವುದಿಲ್ಲ. ಅದನ್ನು ಸಮರ್ಥಿಸುವ ಒಂದು ವಾಕ್ಯವನ್ನೂ ನಾನು ಅಲ್ಲಿ ಬರೆದಿಲ್ಲ, ಏಕೆಂದರೆ ಆ ತಾಯಿಯ ಮುಂದೆ ನಿಲ್ಲುವ ಸಮರ್ಥನೆ ಯಾವುದೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಇದೆಲ್ಲ ಹಣೆಬರಹವೆಂದಂತೆ ಆಗಲಿಲ್ಲವೇ? ಜನರಿಗೆ ಸ್ವಾತಂತ್ರ್ಯವೆಲ್ಲಿದೆ?

ಹಣೆಬರಹವೆಂದರೆ ಏನಾಗಬೇಕು ಎಂಬುದು ಮೊದಲೇ ನಿಶ್ಚಯವಾಗಿರುವುದು. ಏಳ್ಕೆರೆ ನಾಡಿನಲ್ಲಿ ಏನಾಗುತ್ತದೆ ಎಂಬುದು ದೈವಕ್ಕೂ ತಿಳಿಯದು. ಅದು ಒಂದು ಅವಕಾಶವನ್ನು ಹತ್ತಿರಕ್ಕೆ ತರುತ್ತದೆ, ಅಷ್ಟೇ. ಕಥೆಗಳಲ್ಲಿ ಅಂಥ ಅವಕಾಶಗಳನ್ನು ಜನ ಕೈಬಿಡುವುದೂ ಇದೆ. ಐದನೆಯ ಊರಿನ ಶ್ಯಾನುಭೋಗ, ಹಳೆಯ ನೀರು ಹಂಚಿಕೆಯ ಓಲೆಗರಿ ತನ್ನ ಕಾಲ ಬುಡಕ್ಕೇ ಬಂದು ಬಿದ್ದಾಗ ಅದನ್ನು ಓದಿ ನೋಡಿ, ತನ್ನ ಗದ್ದೆಗೆ ನಷ್ಟವೆಂದು ತಿಳಿದು ಒಲೆಗೆ ಹಾಕುತ್ತಾನೆ. ಆ ಓಲೆಯನ್ನು ಅಟ್ಟದಿಂದ ಬೀಳಿಸಲು ದೈವ ಐದನೆಯ ಕೆರೆಯ ಮೇಲಿನ ತನ್ನ ದೃಷ್ಟಿಯನ್ನೇ ಕೊಟ್ಟಿತ್ತು. ಅವನು ಅದನ್ನು ಸುಟ್ಟದ್ದೂ ಅದಕ್ಕೆ ಕಾಣಲಿಲ್ಲ.

ನಮ್ಮ ಉಪನಿಷತ್ತು, ಗೀತೆ, ವಚನಗಳಲ್ಲಿ ಇಂಥ ಕಲ್ಪನೆ ಇದೆಯೇ?

ಅಡಗಿರುವ ದೇವರ ಕಲ್ಪನೆ ನಮ್ಮಲ್ಲಿ ಬಹಳ ಹಳೆಯದು, ಮತ್ತು ನನಗೆ ಈ ಕಥೆಗಳು ಹುಟ್ಟಿದ್ದೇ ಅದನ್ನು ಓದುತ್ತ ಕೇಳುತ್ತ ಬೆಳೆದದ್ದರಿಂದ. ಕೇನೋಪನಿಷತ್ತಿನಲ್ಲಿ ದೇವತೆಗಳು ಗೆಲುವೊಂದನ್ನು ಪಡೆದು, ಅದು ತಮ್ಮದೇ ಮಹಿಮೆ ಎಂದು ಬೀಗುತ್ತಾರೆ. ಆ ಗೆಲುವನ್ನು ತಂದುಕೊಟ್ಟ ಬ್ರಹ್ಮ ಯಕ್ಷನಾಗಿ ಅವರೆದುರು ಕಾಣಿಸಿಕೊಂಡು ಒಂದು ಹುಲ್ಲುಕಡ್ಡಿಯನ್ನು ಇಡುತ್ತದೆ. ಅಗ್ನಿ ಅದನ್ನು ಸುಡಲಾರ, ವಾಯು ಅದನ್ನು ಅಲುಗಿಸಲಾರ, ಇಂದ್ರ ಹತ್ತಿರ ಬರುವಷ್ಟರಲ್ಲಿ ಯಕ್ಷನೇ ಇಲ್ಲ. ಅದು ಯಾರೆಂದು ಕೊನೆಗೆ ಉಮೆ ಹೇಳಬೇಕಾಗುತ್ತದೆ. ಬೃಹದಾರಣ್ಯಕ ಉಪನಿಷತ್ತಿನ ಅಂತರ್ಯಾಮಿ ಬ್ರಾಹ್ಮಣ ಎಂಬ ಭಾಗದಲ್ಲಿ ಯಾಜ್ಞವಲ್ಕ್ಯರು ಉದ್ದಾಲಕ ಆರುಣಿಗೆ, ಭೂಮಿಯೊಳಗಿದ್ದು ಭೂಮಿಗೇ ತಿಳಿಯದವನು, ಒಳಗಿನಿಂದ ಅದನ್ನು ನಡೆಸುವವನು ಎಂದು ಆರಂಭಿಸಿ ನೀರು, ಬೆಂಕಿ, ಗಾಳಿ ಎಂದು ಒಂದೊಂದನ್ನೇ ಹೆಸರಿಸುತ್ತ ಹೋಗುತ್ತಾರೆ. ಅಲ್ಲಮಪ್ರಭುಗಳ ವಚನಗಳ ಅಂಕಿತವೇ ಗುಹೇಶ್ವರ, ಎಂದರೆ ಗುಹೆಯ ಒಡೆಯ.

ಗೀತೆಯ ಹದಿನೆಂಟನೆಯ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಅದರ 61ನೆಯ ಶ್ಲೋಕದಲ್ಲಿ ಈಶ್ವರನು ಎಲ್ಲ ಜೀವಿಗಳ ಹೃದಯದಲ್ಲಿದ್ದು ಅವರನ್ನು ಯಂತ್ರದ ಮೇಲೆ ಕುಳ್ಳಿರಿಸಿದಂತೆ ಮಾಯೆಯಿಂದ ತಿರುಗಿಸುತ್ತಾನೆ ಎಂಬ ಮಾತಿದೆ. ಅಲ್ಲಿಗೆ ಮನುಷ್ಯನ ಸ್ವಾತಂತ್ರ್ಯ ಮುಗಿಯಿತು ಎನಿಸುತ್ತದೆ. ಆದರೆ 63ನೆಯ ಶ್ಲೋಕದಲ್ಲಿ ಅದೇ ಕೃಷ್ಣನು ಅರ್ಜುನನಿಗೆ, ಇದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ನಿನಗೆ ಇಷ್ಟ ಬಂದಂತೆ ಮಾಡು ಎನ್ನುತ್ತಾನೆ. ಈ ಎರಡು ಶ್ಲೋಕಗಳ ನಡುವಿನ ಜಾಗದಲ್ಲಿ ಆಚಾರ್ಯರು ದೊಡ್ಡ ದೊಡ್ಡ ಭಾಷ್ಯಗಳನ್ನು ಬರೆದಿದ್ದಾರೆ. ನನ್ನ ಕಥೆಗಳು ಆ ಮಟ್ಟದವಲ್ಲ, ಆದರೆ ಅವು ನಡೆಯುವುದೂ ಅದೇ ಜಾಗದಲ್ಲಿ.

ಒಂದು ವ್ಯತ್ಯಾಸವನ್ನು ಮಾತ್ರ ಯಾರೂ ಮರೆಯಬಾರದು. ಅಂತರ್ಯಾಮಿ ಎಲ್ಲದರ ಒಳಗಿದ್ದಾನೆ, ಎಲ್ಲವನ್ನೂ ಬಲ್ಲ. ಮರೆದೈವ ಯಾರ ಒಳಗೂ ಇಲ್ಲ, ಅದು ಹೊರಗಿನಿಂದ ನೋಡುವಂಥದು, ಅದಕ್ಕೆ ಕಾಣದ ಜಾಗಗಳಿವೆ. ಅದನ್ನು ಪರಮಾತ್ಮನಿಗೆ ಸಮೀಕರಿಸಿ ಓದಿದರೆ ಉಪನಿಷತ್ತಿಗೂ ನ್ಯಾಯವಾಗುವುದಿಲ್ಲ, ಕಥೆಗೂ ಆಗುವುದಿಲ್ಲ.

ಊರದೇವತೆಗಳು ಸುಳ್ಳೆಂದು ಹೇಳಿದಂತಾಗಲಿಲ್ಲವೇ?

ಖಂಡಿತ ಇಲ್ಲ. ಕೆರೆಯಮ್ಮನೂ ಮಾರಮ್ಮನೂ ಆ ನಾಡಿನಲ್ಲಿ ನಿಜ, ಅವರ ಹಬ್ಬಗಳಲ್ಲಿಯೇ ಏಳೂರಿನ ಜನ ಒಂದೆಡೆ ಸೇರುತ್ತಾರೆ, ಮತ್ತು ಜಗಳವಾಡಿದವರು ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದೂ ಅಲ್ಲಿಯೇ. ಮರೆದೈವ ಅವರನ್ನು ಗೌರವಿಸುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆಯನ್ನೂ ಇಲ್ಲಿಯೇ ಉತ್ತರಿಸುತ್ತೇನೆ. ದೇವರ ಮುಂದೆ ಹೂ ಕೇಳುವಾಗ ಬಲಗಡೆಯ ಹೂವನ್ನೋ ಎಡಗಡೆಯ ಹೂವನ್ನೋ ಬೀಳಿಸುವುದು ಮರೆದೈವವೇ? ಅಲ್ಲ. ಹೂವಿನ ಅಪ್ಪಣೆ, ಕಣಿ, ಮೈದುಂಬಿದವರ ಮಾತು, ಇವುಗಳ ಹತ್ತಿರಕ್ಕೂ ಅದು ಸುಳಿಯುವುದಿಲ್ಲ. ಹೂವೊಂದನ್ನು ಅಲುಗಿಸುವಷ್ಟು ಶಕ್ತಿ ಅದಕ್ಕೆ ಇದೆ, ಮತ್ತು ಏಳು ಊರುಗಳನ್ನೂ ನಡೆಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಮನುಷ್ಯರು ನಿರ್ಧಾರವನ್ನು ದೇವರ ಕೈಗೆ ಒಪ್ಪಿಸುವ ಜಾಗ ಅದು. ಅಲ್ಲಿ ಕೈಯಾಡಿಸಿದರೆ ಎರಡನೆಯ ಕೆರೆಯ ರಾತ್ರಿ ಮತ್ತೆ ಬರುತ್ತದೆ ಎಂದು ಅದು ಬಲ್ಲದು.

ಈ ನಾಡಿನ ಭೂಗೋಳ ಕೋಲಾರದ್ದೇ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬಯಲುಸೀಮೆಯೇ ಅದರ ಮೂಲ. 2007ರಲ್ಲಿ ಜಿಲ್ಲೆ ಬೇರೆಯಾಗುವವರೆಗೆ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯಲ್ಲಿಯೇ ಇತ್ತು, ಮತ್ತು ನೀರಿನ ದೃಷ್ಟಿಯಿಂದ ಇಂದಿಗೂ ಎರಡನ್ನೂ ಬೇರೆಯಾಗಿ ನೋಡಲಾಗದು. 1,478 ಮೀಟರ್ ಎತ್ತರದ ನಂದಿಬೆಟ್ಟ ಮತ್ತು ಅದರ ಸುತ್ತಲಿನ ಬೆಟ್ಟಸಾಲಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಎಂಬ ನದಿಗಳು ಹೊರಡುತ್ತವೆ. ತುಮಕೂರಿನ ದೇವರಾಯನದುರ್ಗದಲ್ಲಿ ಜಯಮಂಗಲಿ ಹುಟ್ಟುತ್ತದೆ. ಇಷ್ಟು ನದಿಗಳಿಗೆ ತವರಾದ ನೆಲದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮಳೆಯ ನೀರನ್ನು ಹಳ್ಳದುದ್ದಕ್ಕೂ ಅಡ್ಡಗಟ್ಟಿ, ಒಂದರ ಹೆಚ್ಚುವರಿ ಇನ್ನೊಂದಕ್ಕೆ ಸೇರುವಂತೆ ಹಿಂದಿನವರು ಕಟ್ಟಿದ ಕೆರೆಗಳ ಸರಪಳಿಯೇ ಇಲ್ಲಿ ನದಿಯ ಕೆಲಸವನ್ನು ಮಾಡಿದೆ.

ಆ ಕೆರೆಗಳನ್ನು ಕಟ್ಟಿ ಕಾಪಾಡಿದವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳಲ್ಲಿ ಭೂಮಿಯನ್ನೋ ಬೆಳೆಯ ಪಾಲನ್ನೋ ಕೊಟ್ಟ ಶಾಸನಗಳು ಈ ಭಾಗದಲ್ಲಿ ಸಿಕ್ಕಿವೆ. ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹತ್ತನೆಯ ಸಂಪುಟ ಕೋಲಾರದ್ದು, ಹನ್ನೆರಡನೆಯದು ತುಮಕೂರಿನದು. ಈ ಲೋಕದಲ್ಲಿ ಬರೆಯಬೇಕೆನ್ನುವವರು ಅವನ್ನು ಒಮ್ಮೆಯಾದರೂ ತಿರುವಿ ನೋಡಬೇಕು. ಏಳ್ಕೆರೆ ನಾಡಿನ ಗಡಿಕಲ್ಲುಗಳ ಕಲ್ಪನೆ ಹುಟ್ಟಿದ್ದು ಅಲ್ಲಿಂದ.

ಹೊರಗಿನಿಂದ ತಂದ ನೀರಿನಿಂದ ಕೆರೆ ತುಂಬಿ ಕೋಡಿ ಬಿದ್ದರೆ ದೈವಕ್ಕೆ ದೃಷ್ಟಿ ಬರುತ್ತದೆಯೇ?

ನರಸಾಪುರದ ಕಡೆಯ ಓದುಗರೊಬ್ಬರ ಪ್ರಶ್ನೆ ಇದು, ಮತ್ತು ಇದುವರೆಗೆ ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಒಣಗಿ ಬಿದ್ದಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನು ಕಂಡು ಸಂತೋಷಪಟ್ಟವರೂ, ಆ ನೀರಿನ ಗುಣದ ಬಗ್ಗೆ ಚಿಂತಿಸಿ ಅದನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದು ಕೇಳುವವರೂ ಇಲ್ಲಿದ್ದಾರೆ. ಈ ಪ್ರಶ್ನೆ ಬರುವವರೆಗೆ ಏಳ್ಕೆರೆ ನಾಡಿನಲ್ಲಿ ಹೊರಗಿನ ನೀರೆಂಬುದೇ ಇರಲಿಲ್ಲ. ಈಗ ಆರನೆಯ ಕೆರೆಯ ಕಥೆಯಲ್ಲಿ ಅದನ್ನು ತಂದಿದ್ದೇನೆ: ಬೆಟ್ಟದಾಚೆಯ ದೊಡ್ಡ ಪಟ್ಟಣವೊಂದರಿಂದ ಕಾಲುವೆ ತೋಡಿ ನೀರು ತರುತ್ತಾರೆ, ಕೋಡಿ ಬೀಳುತ್ತದೆ, ದೈವಕ್ಕೆ ಕಣ್ಣು ತೆರೆಯುತ್ತದೆ. ಆದರೆ ಅದಕ್ಕೆ ಕಾಣುವುದು ಆ ನೀರು ಹೊರಟು ಬಂದ ಪಟ್ಟಣ, ಅಲ್ಲಿನ ಓಣಿಗಳು, ಅಲ್ಲಿನ ಬಚ್ಚಲುಗಳು. ತನ್ನ ಆರನೆಯ ಊರು ಅದಕ್ಕೆ ಇನ್ನೂ ಕತ್ತಲೆಯಲ್ಲಿಯೇ ಇದೆ.

ಐದನೆಯ ಊರಿನ ಗಣಿಯಲ್ಲಿ ದೈವ ಯಾರನ್ನೂ ಕಾಪಾಡುವುದಿಲ್ಲವೇಕೆ?

ನೆಲದಡಿಯಲ್ಲಿ ಅದಕ್ಕೆ ದಾರಿಯಿಲ್ಲ. ಮಳೆಯ ನೀರು ಹರಿದು ಕೆರೆಗೆ ಸೇರುವ ನೆಲದ ಮೇಲ್ಮೈಯಷ್ಟೇ ಅದರ ರಾಜ್ಯ. ಕೆ.ಜಿ.ಎಫ್.ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇದ್ದಾರೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂದ ಆ ಊರಿನಲ್ಲಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಉಳಿದದ್ದು ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು ಮತ್ತು ಕೆಲಸ ಹುಡುಕಿಕೊಂಡು ದಿನವೂ ಬೆಂಗಳೂರಿಗೆ ರೈಲು ಹತ್ತುವ ಜನ. ಗಣಿಯೊಳಗೆ ಒತ್ತಡಕ್ಕೆ ಬಂಡೆ ಸಿಡಿದು ಸತ್ತವರನ್ನು ಒಂದು ದೈವ ಬೇಕೆಂದೇ ಉಳಿಸಲಿಲ್ಲ ಎಂದು ಬರೆಯುವುದು ನನ್ನಿಂದ ಸಾಧ್ಯವಾಗಲಿಲ್ಲ. ಉಳಿಸಿತು ಎಂದು ಬರೆಯುವುದೂ ಸಾಧ್ಯವಾಗಲಿಲ್ಲ. ಆದ್ದರಿಂದ ಐದನೆಯ ಊರಿನ ಗಣಿಯೊಳಗೆ ಮನುಷ್ಯರಿಗೆ ಮನುಷ್ಯರೇ ದಿಕ್ಕು. ಮುಂದೆ ನಡೆಯುವವನು ಬಂಡೆಯನ್ನು ತಟ್ಟಿ ಸದ್ದು ಕೇಳಿ, ಹಿಂದಿನವನಿಗೆ ಬಾ ಎನ್ನುತ್ತಾನೆ.

ಮರೆದೈವಕ್ಕೆ ಎದುರಾದ ದುಷ್ಟಶಕ್ತಿ ಇದೆಯೇ?

ಇಲ್ಲ. ಬರ, ಆಸೆ, ಮರೆವು ಸಾಕು.

ದೈವ ಎಂದಾದರೂ ತಪ್ಪು ಮಾಡಿದೆಯೇ?

ಮೂರನೆಯ ಕೆರೆಯ ಕಥೆ ಪೂರ್ತಿ ಅದರ ಕುರಿತೇ ಇದೆ. ಬರದ ಎರಡನೆಯ ವರ್ಷ, ಕೆರೆಯಲ್ಲಿ ಉಳಿದ ನೀರು ತೂಬಿನ ಬುಡದಲ್ಲಿದ್ದ ಬಿರುಕಿನಿಂದ ರಾತ್ರಿಯೆಲ್ಲ ಸೋರಿ ಹೋಗುತ್ತಿರುತ್ತದೆ. ದೈವ ಒಂದು ಕರುವಿನ ಹಗ್ಗವನ್ನು ಸಡಿಲಿಸುತ್ತದೆ, ಕರುವನ್ನು ಹುಡುಕುತ್ತ ಬಂದ ಹುಡುಗ ಒದ್ದೆ ಮಣ್ಣನ್ನು ನೋಡುತ್ತಾನೆ, ಊರಿನವರು ಬಂದು ಬಿರುಕನ್ನು ಮುಚ್ಚುತ್ತಾರೆ. ಹುಡುಗನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ದೈವಕ್ಕೆ ಆಗಲೇ ಮೂರನೆಯ ಕೆರೆ ಕಾಣದಾಗಿರುತ್ತದೆ. ಅದಕ್ಕೆ ಗೊತ್ತಿಲ್ಲದಿದ್ದ ಸಂಗತಿ ಒಂದಿತ್ತು: ಹಾಗೆ ಸೋರಿದ ನೀರು ನೆಲದೊಳಗೆ ಇಳಿದು, ನಾಲ್ಕನೆಯ ಊರಿನ ಏಕೈಕ ಸೇದುಬಾವಿಗೆ ಒರತೆಯಾಗಿ ಬರುತ್ತಿತ್ತು. ಕೆರೆಯಂಗಳದಲ್ಲಿ ನಿಂತು ಕೂಗುವ ಆ ತಾಯಿ ನಾಲ್ಕನೆಯ ಊರಿನವಳು ಎಂಬುದನ್ನು ಓದುಗರು ಇಲ್ಲಿ ನೆನಪಿಸಿಕೊಳ್ಳಬೇಕು. ನೆಲದ ಮೇಲಿನ ನೀರನ್ನು ಮಾತ್ರ ಕಾಣಬಲ್ಲ ದೈವ ನೆಲದೊಳಗಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೋರ್‌ವೆಲ್‌ಗಳನ್ನು ಆಳಕ್ಕೆ ಇನ್ನೂ ಆಳಕ್ಕೆ ಕೊರೆಯುತ್ತ ಬಂದ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವಾಗ ನನ್ನ ಮನಸ್ಸು ಬಹಳ ಭಾರವಾಗಿತ್ತು.

ದೈವವಿರುವುದನ್ನು ಅರಿತ ಮುದುಕಿ ಯಾರು? ಅವಳು ಅದನ್ನು ಏಕೆ ಹೇಳುವುದಿಲ್ಲ?

ಅವಳು ಮೊದಲ ಕೆರೆಯ ನೀರುಗಂಟಿ ಹನುಮಕ್ಕ. ಬದುಕಿನುದ್ದಕ್ಕೂ ತೂಬಿನ ಕಲ್ಲುಗಂಬದ ಮೇಲೆ ನೀರಿನ ಗುರುತನ್ನು ನೋಡುತ್ತ ಬಂದವಳಾದ್ದರಿಂದ, ಆಕಸ್ಮಿಕಗಳು ಒಂದೇ ಕಡೆಗೆ ವಾಲುತ್ತಿರುವುದು ಅವಳ ಗಮನಕ್ಕೆ ಬಂತು. ಮೊಮ್ಮಗನೊಬ್ಬನಿಗೆ ಮಾತ್ರ ಅವಳ ಮೇಲೆ ಅನುಮಾನ.

“ಅಜ್ಜಿ, ನಿಂಗೆ ಏನೋ ಗೊತ್ತದೆ. ಯಾಕೆ ಹೇಳಲ್ಲ?”

“ಹೇಳಿದ್ರೆ ನಾಳೆಯಿಂದ ನೀನು ಏರಿ ಮೇಲೆ ಹೋಗಿ ನೋಡ್ತೀಯೇನಪ್ಪ?”

ಹುಡುಗನಿಗೆ ಉತ್ತರ ಹೊಳೆಯುವುದಿಲ್ಲ. ದೈವವನ್ನು ಅರಿತವರಿಗೆ ಅದು ನೆರವಾಗಲಾರದು ಎಂಬುದು ಆ ಲೋಕದ ನಿಯಮ, ಏಕೆಂದರೆ ಅವರು ಪ್ರತಿ ಎಲೆ ಬಿದ್ದಾಗಲೂ ಸೂಚನೆಯನ್ನು ಹುಡುಕತೊಡಗುತ್ತಾರೆ. ಹನುಮಕ್ಕ ತನ್ನ ಪಾಲಿನ ನೆರವನ್ನು ಕಳೆದುಕೊಂಡವಳು. ಊರಿನ ಪಾಲನ್ನೂ ಕಳೆಯಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾಳೆ. ಇಡೀ ಕಥಾಮಾಲೆಯಲ್ಲಿ ನಾನು ಅತ್ಯಂತ ಹೆಚ್ಚು ಗೌರವಿಸುವ ಪಾತ್ರ ಅವಳದು.

ನಾವೂ ಈ ನಾಡಿನ ಕಥೆ ಬರೆಯಬಹುದೇ?

ಬರೆಯಬಹುದು, ಬರೆಯಬೇಕು. ಕಥೆಯಿಂದ ಮರೆದೈವವನ್ನು ಪೂರ್ತಿ ತೆಗೆದು ಓದಿದರೂ ನಡೆದದ್ದೆಲ್ಲ ನಂಬುವಂತಿರಬೇಕು ಎಂಬ ಒಂದು ನಿಯಮವನ್ನು ಮಾತ್ರ ಎಲ್ಲರೂ ಪಾಲಿಸಿ. ಕಷ್ಟದಲ್ಲಿ ಸಿಕ್ಕ ನಾಯಕನನ್ನು ಕೊನೆಯ ಪುಟದಲ್ಲಿ ದೈವ ಬಂದು ಬಿಡಿಸಿದರೆ, ಅದುವರೆಗೆ ಅವನು ಪಟ್ಟ ಪಾಡೆಲ್ಲ ಓದುಗನಿಗೆ ವ್ಯರ್ಥವೆನಿಸುತ್ತದೆ. ಶಿರಾದಿಂದ ಒಬ್ಬರು ಕಳಿಸಿದ ಕಥೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ನೀರಿನ ಸರದಿಗಾಗಿ ಹೊಡೆದಾಡುವಾಗ ಸಿಡಿಲು ಬಡಿದು ಗುದ್ದಲಿ ಎರಡಾಗುತ್ತದೆ. ಬರವಣಿಗೆ ಚೆನ್ನಾಗಿತ್ತು, ಆದರೆ ಸಿಡಿಲು ಕಂಡ ಮೇಲೆ ರಾಜಿಯಾಗದವರು ಯಾರು? ತಿದ್ದಿ ಕಳಿಸಿದ ಪ್ರತಿಯಲ್ಲಿ ಗುದ್ದಲಿಯ ಕಾವು ಮೊದಲೇ ಸಡಿಲವಾಗಿದ್ದು, ಅಣ್ಣನ ಕೈಯಿಂದ ಕಳಚಿ ಬೀಳುತ್ತದೆ. ಆ ಕಾವನ್ನು ತಂದೆ ಕೆತ್ತಿದ್ದೆಂದು ಇಬ್ಬರಿಗೂ ಗೊತ್ತು. ಅಣ್ಣ ಅದನ್ನು ಬಗ್ಗಿ ಎತ್ತಿಕೊಳ್ಳುವಾಗ ತಮ್ಮ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ರಾಜಿಯನ್ನು ಮಾಡಿಸಿದ್ದು ತಮ್ಮನ ಆ ಒಂದು ನಿರ್ಧಾರ. ದೈವ ಅಲ್ಲಿ ಇತ್ತೋ ಇಲ್ಲವೋ ಎಂದು ಬರೆದವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಮಾತುಕತೆಯನ್ನು ನಿಮ್ಮ ಊರಿನ ಆಡುಮಾತಿನಲ್ಲಿಯೇ ಬರೆಯಿರಿ. ಪಾವಗಡದವರು ಪಾವಗಡದಂತೆ, ಬಾಗೇಪಲ್ಲಿಯವರು ತೆಲುಗು ಬೆರೆತ ಕನ್ನಡದಲ್ಲಿ ಬರೆದರೆ ಆ ನಾಡು ಇನ್ನಷ್ಟು ತುಂಬಿಕೊಳ್ಳುತ್ತದೆ.

ಮಕ್ಕಳು ಓದಬಹುದೇ?

ಹೈಸ್ಕೂಲಿನ ಮಕ್ಕಳು ಓದಬಹುದು. ನಾಲ್ಕನೆಯ ಕೆರೆಯ ಕಥೆಯನ್ನು ಮಾತ್ರ ದೊಡ್ಡವರು ಜೊತೆಯಲ್ಲಿ ಕುಳಿತು ಓದುವುದು ಒಳ್ಳೆಯದು.

ಏಳನೆಯ ಕೆರೆಯ ಕಥೆಯಲ್ಲಿ ದೈವ ಪ್ರಕಟವಾಗುತ್ತದೆಯೇ?

ಪ್ರಕಟವಾಗುವುದಿಲ್ಲ. ಏಳನೆಯ ಕೆರೆ ಸರಪಳಿಯ ಕೊನೆಯದು. ಮೇಲಿನ ಆರೂ ತುಂಬಿದ ಮೇಲೆ ಅದಕ್ಕೆ ನೀರು ಬರಬೇಕು. ಅದು ಕೋಡಿ ಬಿದ್ದದ್ದನ್ನು ಆ ಊರಿನಲ್ಲಿ ಕಂಡವರಿಲ್ಲ. ಅಲ್ಲಿ ಒಮ್ಮೆ ಕೈಯಾಡಿಸಿದರೆ ಮತ್ತೆ ಎಂದೂ ಆ ಊರನ್ನು ಕಾಣಲಾರೆ ಎಂಬ ಭಯದಿಂದ ದೈವ ಇದುವರೆಗೆ ಅಲ್ಲಿ ಏನನ್ನೂ ಮುಟ್ಟಿಲ್ಲ. ಹಾಗಾಗಿ ಏಳನೆಯ ಊರಿನವರು ಯಾರ ನೆರವೂ ಇಲ್ಲದೆ ಬದುಕಿದ್ದಾರೆ, ಮತ್ತು ಅವರು ಮೇಲಿನ ಊರುಗಳವರಿಗಿಂತ ಉತ್ತಮರೂ ಅಲ್ಲ, ಕೀಳೂ ಅಲ್ಲ. ಈಗ ನಾನು ಬರೆಯುತ್ತಿರುವ ಕಥೆಯಲ್ಲಿ ಆ ಊರಿನವರು ಆರೂ ಊರುಗಳ ಗಡಿಕಲ್ಲುಗಳ ಮುಂದೆ ನಿಂತು ತಮ್ಮ ಪಾಲಿನ ನೀರನ್ನು ಕೇಳಲು ಹೊರಟಿದ್ದಾರೆ. ಹೂಳು ತುಂಬಿದ ರಾಜಕಾಲುವೆಯನ್ನು ತೋಡುವ ಕೆಲಸವನ್ನು ಅವರು ಮೊದಲೇ ಆರಂಭಿಸಿದ್ದಾರೆ. ದೈವ ನೋಡುತ್ತಿದೆ, ಮುಟ್ಟಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಕಥೆ ಮುಗಿದಾಗ ಈ ಉತ್ತರವನ್ನು ಇಲ್ಲಿಯೇ ಬದಲಿಸುತ್ತೇನೆ.